ಐದನೇ ಹಾಡು ಮತ್ತು ನನ್ನ ಮೈಸೂರು ಪೇಟ

ನನ್ನ ಬೀರುವಿನಲ್ಲಿ ಒಂದು ಮೈಸೂರು ಪೇಟ ಇದೆ. ಕಂಡಾಗಲೆಲ್ಲ ಮೈ ಉರಿಯುತ್ತದೆ.

ಶಿಡ್ಲಘಟ್ಟದ ರೂತಮ್ಮ ಒಂದು ಕಾಲಕ್ಕೆ ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿ. ಈಗ ವಾರವೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಕೆಲಸ, ಭಾನುವಾರ ಚರ್ಚಿನ ಕ್ವಾಯರ್. ಅಲ್ಲಿ ಹಿಂದಿನ ಸಾಲಿನಲ್ಲಿ ಇಪ್ಪತ್ತು ವರ್ಷ ನಿಂತು ಹಾಡಿದವಳು, ಒಬ್ಬಳೇ ಹಾಡುವ ಮೊದಲ ಆಲ್ಬಮ್ಮಿಗೆ ಧೈರ್ಯ ಮಾಡಿದಳು. ಅದೂ ಲೈವ್ ರೆಕಾರ್ಡಿಂಗ್!

"ಎದುರಿಗೆ ಜನ ಕೂತು ಜೊತೇಲಿ ಹಾಡಿದ್ರೇನೇ ಸಾರ್ ನಂಗೆ ದನಿ ಏಳೋದು" ಅಂದಿದ್ದಳು.

ಚಿಕ್ಕಬಳ್ಳಾಪುರದಲ್ಲಿ ಒಂದು ಹಾಲ್ ಸಿಕ್ಕಿತು. ಸಂಜೆಗೆ ಅಲ್ಲೇ ಯಾರದೋ ರಿಸೆಪ್ಷನ್, ಅಷ್ಟರೊಳಗೆ ಆರು ಹಾಡು ಮುಗಿಯಬೇಕು. ವೇದಿಕೆಯ ಮೇಲೆ ನಾನೂ ಅತಿಥಿ (ಅರ್ಹತೆ: ಹಳೇ ಮೇಷ್ಟ್ರು).

ನಾಲ್ಕು ಹಾಡು ಚೆನ್ನಾಗಿ ಆದವು. ಐದನೆಯದು ಅವಳೇ ಬರೆದದ್ದು. ಅದರ ಕೊನೆಯ ಚರಣ ಅವಳ ತಾಯಿಗೆ. ಅದನ್ನು ಯಾರಿಗೂ ಕೇಳಿಸಿರಲಿಲ್ಲ. ತಾಯಿ ಮುಂದಿನ ಸಾಲಿನಲ್ಲೇ ಕೂತಿದ್ದರು.

ಎರಡು ಚರಣ ಮುಗಿದಿತ್ತು. ಆಗ ಬಂದರು ನೋಡಿ, ಮುಖಂಡರು! ತಡವಾಗಿ ಬಂದವರು ಸುಮ್ಮನೆ ಕೂರಬಾರದೇ? ಸಂಘಟಕರು ನೇರ ಹೋಗಿ ರೂತಮ್ಮನ ಮೈಕಿಗೇ ಕೈಹಾಕಿದರು.

"ಒಂದೇ ನಿಮಿಷ ಕಣಮ್ಮ, ಸಾಹೇಬ್ರಿಗೆ ಗೌರಿಬಿದನೂರಲ್ಲಿ ಇನ್ನೊಂದು ಪ್ರೋಗ್ರಾಂ ಐತೆ. ಸನ್ಮಾನ ಮುಗಿಸ್ಬಿಡಣ."

ಹಾಡು ನಿಂತಿತು. ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ, ಫೋಟೋ. ಫೋಟೋ ಸರಿ ಬರಲಿಲ್ಲವೆಂದು ಹಾರ ತೆಗೆಸಿ ಮತ್ತೊಮ್ಮೆ ಹಾಕಿಸಿದರು! ಆಮೇಲೆ ಭಾಷಣ. ವಿಷಯ? ಹೆಣ್ಣುಮಕ್ಕಳಿಗೆ ಅವಕಾಶ ಕೊಡಬೇಕು ಎಂಬುದು. ಅವಕಾಶ ಸಿಗಬೇಕಾದವಳು ವೇದಿಕೆಯ ಮೂಲೆಯಲ್ಲಿ ನಿಂತು ಕೇಳುತ್ತಿದ್ದಳು.

"ಎಂದುಕು ಆಪೇಸ್ತಿವಿ?" ತಾಯಿ ಕೆಳಗಿನಿಂದಲೇ ತೆಲುಗಿನಲ್ಲಿ ಕೇಳಿದರು, ಯಾಕೆ ನಿಲ್ಲಿಸಿದೆ ಅಂತ. ಇಡೀ ಹಾಲಿನಲ್ಲಿ ಆ ಪ್ರಶ್ನೆ ಕೇಳಿದ್ದು ಅವರೊಬ್ಬರೇ.

ಸಾಹೇಬರು ಹೊರಡುವ ಹೊತ್ತಿಗೆ ರಿಸೆಪ್ಷನ್ನಿನ ಅಡುಗೆಯವರು ಪಾತ್ರೆ ಇಳಿಸುತ್ತಿದ್ದರು. "ಹ್ಞೂಂ, ಈಗ ಹಾಡಮ್ಮ" ಅಂದರು ಸಂಘಟಕರು. ಹಾಡೇನು ನಲ್ಲಿ ನೀರೇ, ತಿರುಗಿಸಿದರೆ ಬರಲು? ಅವಳು ಬಾಯಿ ತೆರೆದಳು. ದನಿ ನಡುಗಿತು, ನಿಂತಿತು. ಆರನೇ ಹಾಡಿಗೆ ಹೊತ್ತೇ ಉಳಿಯಲಿಲ್ಲ.

ಕಳೆದ ವಾರ ಆಲ್ಬಮ್ ಬಂತು. ಚಿಂತಾಮಣಿ ಬಸ್ಸಿನಲ್ಲಿ ಫೋನಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳಿದೆ. ಐದನೇ ಹಾಡಿನಲ್ಲಿ ಎರಡು ಚರಣ, ನಂತರ "ಒಂದೇ ನಿಮಿಷ ಕಣಮ್ಮ", ನಂತರ ಚಪ್ಪಾಳೆ. ಅಷ್ಟೇ! ಬಸ್ಸಿಳಿದು ರೂತಮ್ಮನಿಗೆ ಫೋನ್ ಮಾಡಿದೆ.

"ಅದನ್ನ ಕಟ್ ಮಾಡಿಸ್ಬಾರ್ದಿತ್ತೇನಮ್ಮ?"

"ರೆಕಾರ್ಡಿಂಗ್‌ನವ್ರೂ ಕಟ್ ಮಾಡ್ತೀವಿ ಅಂದ್ರು ಸಾರ್. ನಾನೇ ಬೇಡ ಅಂದೆ. ಲೈವ್ ಅಂದ್ಮೇಲೆ ನಡೆದಿದ್ದೆಲ್ಲಾ ಇರ್ಲಿ."

ಸಂಘಟಕರನ್ನು ಬಯ್ಯಲೆಂದೇ ಈ ಅಂಕಣಕ್ಕೆ ಕೂತೆ. ಬಯ್ದಿದ್ದೇನೆ ಕೂಡ. ಆದರೆ ಆ ಸನ್ಮಾನದ ಎರಡನೇ ಪೇಟ ನನ್ನ ತಲೆಗೇ ಬಂದಿತ್ತು, ನಾನು ತಲೆ ಬಗ್ಗಿಸಿಯೇ ಹಾಕಿಸಿಕೊಂಡಿದ್ದೆ. ಆಲ್ಬಮ್ಮಿನ ಆ ಚಪ್ಪಾಳೆಯ ನಡುವೆ ನನ್ನ ದನಿಯೂ ಇದೆ: "ಥ್ಯಾಂಕ್ಯೂ, ಥ್ಯಾಂಕ್ಯೂ."

"ಹಾಡು ಮುಗೀಲಿ" ಅನ್ನುವುದಕ್ಕೂ ಅಷ್ಟೇ ಹೊತ್ತು ಸಾಕಿತ್ತಲ್ಲವೇ?