ಬೆಣ್ಣೆ ಸವರಿದ ಕಲ್ಲು

ನಮ್ಮ ಹಟ್ಟಿಯ ಮುಂದಿನ ಹುಲ್ಲುಬಯಲಿನಲ್ಲಿ ಒಂದು ಗುಂಡುಕಲ್ಲಿದೆ. ದೊಡ್ಡದೇನಲ್ಲ, ನೋಡಿದವರು ‘ಇಷ್ಟೇನಾ’ ಅನ್ನುತ್ತಾರೆ. ಅನ್ನಲಿ. ಎತ್ತಲು ಹೋದವರು ಯಾರೂ ಹಾಗೆ ಅಂದಿಲ್ಲ. ವರ್ಷಕ್ಕೊಮ್ಮೆ, ಹಬ್ಬದ ಬೆಳಿಗ್ಗೆ ಮಾತ್ರ ಅದನ್ನು ಮುಟ್ಟಬಹುದು. ಒಬ್ಬನಿಗೆ ಬದುಕಿನಲ್ಲಿ ಮೂರೇ ಸರದಿ. ಮೂರರಲ್ಲಿ ಒಮ್ಮೆಯೂ ಹೆಗಲಿಗೇರಿಸದವನು ಆಮೇಲೆ ಸಾಯುವವರೆಗೂ ಅದರ ಮೇಲೆ ಕೈ ಇಡುವಂತಿಲ್ಲ. ಇದು ನಮ್ಮ ಹಟ್ಟಿಯ ಕಟ್ಟಳೆ.

ನನ್ನಪ್ಪ ಮೂರೂ ಸರದಿ ಕಳೆದುಕೊಂಡವನು. ಹಬ್ಬದ ದಿನ ಊರಿಗೆ ಊರೇ ಬಯಲಿನಲ್ಲಿದ್ದರೆ ಅಪ್ಪ ಎಮ್ಮೆ ನೋಡಿ ಬರುವ ನೆಪ ಹೇಳಿ ಗುಡ್ಡ ಹತ್ತುತ್ತಿದ್ದ. ಅದನ್ನು ನೋಡಿ ನನಗೆ ಅಳು ಬರುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು. ಅಪ್ಪನ ಮೇಲಲ್ಲ, ಆ ಕಲ್ಲಿನ ಮೇಲೆ.

ನನಗೂ ಆಗಲೇ ಎರಡು ಸರದಿ ಮುಗಿದಿತ್ತು. ಮೊದಲ ವರ್ಷ ಕಲ್ಲು ಮೊಣಕಾಲಿನ ಕೆಳಗೇ ಜಾರಿತು. ಎರಡನೆಯ ವರ್ಷ ಮೊಣಕಾಲು ದಾಟಿ ಬಂದು, ಅಲ್ಲಿಂದ ನೇರವಾಗಿ ನನ್ನ ಹೆಬ್ಬೆರಳ ಮೇಲೆ ಬಿತ್ತು. ಉಗುರು ಹೋಯಿತು. ‘ಬೀಜದಂತೆ ಬೆಳೆ’ ಎಂದು ಊರಿನವರು ನಕ್ಕರು. ಉಗುರಿನ ನೋವು ಒಂದು ತಿಂಗಳಿಗೆ ಹೋಯಿತು, ಆ ಮಾತಿನದು ಹೋಗಲಿಲ್ಲ.

ಅದೇ ವರ್ಷ ಮಳೆಗೆ ನಮ್ಮ ಆಲೂಗೆಡ್ಡೆ ಹೊಲದ ಅಂಚು ಕುಸಿದು, ಗೋಡೆ ಕಟ್ಟಲು ಗುಂಡ್ಲುಪೇಟೆ ಕಡೆಯ ಕಲ್ಲುಕೆಲಸದ ಮೇಸ್ತ್ರಿಯೊಬ್ಬ ಬಂದ. ರೈಲು ಇನ್ನೂ ನಮ್ಮ ಬೆಟ್ಟದ ಮೇಲಕ್ಕೆ ಬಾರದೆ ಕೂನೂರಿನಲ್ಲೇ ನಿಲ್ಲುತ್ತಿದ್ದ ಕಾಲ ಅದು. ಮೇಸ್ತ್ರಿ ಹರೆಯದಲ್ಲಿ ಗರಡಿಯ ಮಣ್ಣು ಮೆತ್ತಿಕೊಂಡವನು. ನಡು ಸಣ್ಣ, ತೊಡೆ ಮಾತ್ರ ಮರದ ಬೊಡ್ಡೆಯ ಹಾಗೆ. ಹಬ್ಬದ ಬೆಳಿಗ್ಗೆ ಹಿರಿಯರು ಕಲ್ಲಿಗೆ ಬೆಣ್ಣೆ ಸವರಿ ಕೈ ಮುಗಿಯುತ್ತಾರೆ, ಆಮೇಲೆ ನಾವು ಎತ್ತುತ್ತೇವೆ ಎಂದು ನಾನು ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

“ಬೆಣ್ಣೆ ತಿನ್ಸಿ, ಆಮ್ಯಾಕೆ ಅದ್ರ ಜತೆ ಕುಸ್ತಿಗೆ ನಿಲ್ತೀರಾ?”

“ಆ ಬೆಣ್ಣೆಯಿಂದಲೇ ನಾನು ಕೆಟ್ಟದ್ದು” ಅಂದೆ.

“ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ. ಎತ್ತಿದೋರಿಗೂ ಅದೇ ಬೆಣ್ಣೆ ಇತ್ತು ಕನಪ್ಪ. ಎಲ್ಲಿ, ನೀ ಹೆಂಗೆ ಎತ್ತೀಯೆ ತೋರ್ಸು.”

ಗೋಡೆಗೆ ತಂದಿದ್ದ ಒಂದು ಗುಂಡನ್ನು ಎತ್ತಿ ತೋರಿಸಿದೆ. ಅವನು ಕೋಲಿನಿಂದ ನನ್ನ ಬೆನ್ನಿಗೆ ತಟ್ಟಿದ. “ಬೆನ್ನು ಬಿಲ್ಲಾಗ್ಯದೆ. ಎಲ್ಲಾ ಕೈಲೇ ಎತ್ತಾಕೆ ಹೊಂಟಿದ್ದೀಯೆ. ತೋಳಲ್ಲಿ ತಬ್ಬು, ತೊಡೇಲಿ ಏಳು.”

ನಮ್ಮ ತಪ್ಪು ಏನೆಂದು ಆಗ ಹೊಳೆಯಿತು. ಕಲ್ಲನ್ನು ಮುಟ್ಟುವಂತಿಲ್ಲವಲ್ಲ, ಅದಕ್ಕೆ ನಮ್ಮ ಹಟ್ಟಿಯ ಹುಡುಗರೆಲ್ಲ ವರ್ಷಪೂರ್ತಿ ಆಲೂಗೆಡ್ಡೆ ಮೂಟೆ ಎತ್ತಿ ಪಳಗುತ್ತಿದ್ದೆವು. ಮೂಟೆಗೆ ಹಿಡಿಯಲು ಎರಡು ಕಿವಿ ಇರುತ್ತವೆ. ಕಲ್ಲಿಗೆ ಎಲ್ಲಿಂದ ಬರಬೇಕು ಕಿವಿ? ತಲೆತಲಾಂತರದಿಂದ ಯಾರ ತಲೆಗೂ ಇದು ಹೋಗಿರಲಿಲ್ಲ.

ಮೇಸ್ತ್ರಿ ಎಂಟು ತಿಂಗಳು ನನ್ನನ್ನು ಅರೆದ. ಮೊದಲು ಬರಿಗೈಯಲ್ಲಿ ಬಸ್ಕಿ. ಆಮೇಲೆ ಎದೆಗೆ ಕಲ್ಲು ಅವುಚಿಕೊಂಡು ಬಸ್ಕಿ. ಪೂರ್ತಿ ಕೂತ ಮೇಲೆ ಅವನು ಬಾಯಲ್ಲಿದ್ದ ಎಲೆಯಡಿಕೆ ಉಗಿಯುವವರೆಗೆ ಏಳುವ ಹಾಗಿಲ್ಲ, ಅವನೋ ಅದನ್ನು ಎಮ್ಮೆಯಂತೆ ನಿಧಾನಕ್ಕೆ ಮೆಲ್ಲುವವನು. ಬೆನ್ನಿಗೆ ಉದ್ದಕ್ಕೆ ಒಂದು ಬಿದಿರುಕೋಲು ಕಟ್ಟಿ, ಹೆಗಲ ಮೇಲೆ ಅರ್ಧ ಮೂಟೆ ಇಟ್ಟು ಸೊಂಟದಿಂದ ಬಾಗಿಸುತ್ತಿದ್ದ. ಕೋಲು ಬೆನ್ನು ಬಿಟ್ಟು ಎದ್ದರೆ ಆ ಸುತ್ತು ಲೆಕ್ಕಕ್ಕಿಲ್ಲ. ಕಲ್ಲನ್ನು ಶುರುವಿಗೇ ನೆಲದಿಂದ ಎತ್ತಲು ಬಿಡಲಿಲ್ಲ. ಮೊದಲು ಮೊಣಕಾಲೆತ್ತರದ ಕಟ್ಟೆಯ ಮೇಲಿಂದ, ಆಮೇಲೆ ಒಂದು ಮೆಟ್ಟಿಲು ಕೆಳಗಿನಿಂದ, ಕೊನೆಗೆ ನೆಲದಿಂದ. ನೆಲದ್ದು ಹಗುರಾಯಿತು ಅನ್ನುವಷ್ಟರಲ್ಲಿ ನನ್ನನ್ನು ಹಲಗೆಯ ಮೇಲೆ ನಿಲ್ಲಿಸಿ ಕಲ್ಲನ್ನು ಕಾಲಿಗಿಂತ ಕೆಳಗೆ ಇರಿಸಿದ. ಕಡೆಯ ತಿಂಗಳು ಕಲ್ಲಿಗೆ ಹಸಿ ಜೇಡಿ ಮೆತ್ತಿದ. ಬೆಣ್ಣೆಯೇ ಸವರೋಣ ಎಂದು ನಾನು ಗಡಿಗೆಗೆ ಕೈ ಹಾಕಿದ್ದೆ, ಅವ್ವೆ ಸೌಟು ತೆಗೆದುಕೊಂಡು ಬಂದಳು.

“ಮೇಸ್ತ್ರಿಗೆ ಬಿಟ್ಟಿ ಆಳು ಸಿಕ್ಕಿದ” ಎಂದು ನೆರೆಯವರು ಆಡಿಕೊಂಡರು. ನಿಜವೇ. ಆ ಗೋಡೆಯ ಅರ್ಧ ಕಲ್ಲು ನನ್ನ ತೊಡೆ ಎತ್ತಿದ್ದು. ಇಂದಿಗೂ ಅದು ಅಲುಗಿಲ್ಲ, ಬೇಕಾದರೆ ಬಂದು ನೋಡಿ.

ಅಪ್ಪ ಹೊಲದಿಂದಲೇ ನೋಡುತ್ತಿದ್ದ. ಒಂದೇ ಒಂದು ಸಲ, “ನೀನೂ ಸೋತರೆ ನಮ್ಮ ಮನೆಲಿ ಇಬ್ಬರು ಆಗುತ್ತೇವೆ, ಯೋಚನೆ ಮಾಡು” ಅಂದ. ಹೆದರಿದ್ದವನು ಅವನು. ನಾನಲ್ಲ.

ಗೋಡೆ ಮುಗಿಸಿ ಮೇಸ್ತ್ರಿ ಹಬ್ಬಕ್ಕೆ ಮೊದಲೇ ಊರಿಗೆ ಹೊರಟ. ನಿಲ್ಲು ಎಂದು ಬೇಡಿಕೊಂಡೆ. “ನಾನಿದ್ದು ಏನ್ ಮಾಡ್ಲಿ? ಎತ್ತೋನು ನೀನು” ಎಂದು ಹೋದವನು ಮತ್ತೆ ಬರಲಿಲ್ಲ.

ಹಬ್ಬದ ಬೆಳಿಗ್ಗೆ ಇಬ್ಬನಿ ಇನ್ನೂ ಆರಿರಲಿಲ್ಲ. ನನಗಿಂತ ಮೊದಲು ಮೂವರು ಎತ್ತಲು ನೋಡಿ ಕೈಬಿಟ್ಟರು. ನಾನು ಕಲ್ಲಿನ ಮುಂದೆ ಕಾಲು ಅಗಲಿಸಿ ಕೂತೆ. ಬೆರಳನ್ನು ನಂಬಲಿಲ್ಲ, ಮೊಣಕೈವರೆಗೆ ತೋಳು ಹಾಕಿ ತಬ್ಬಿದೆ. ಬೆಣ್ಣೆ ಜಾರಿತು, ನಾನು ಇನ್ನೂ ಬಿಗಿಯಾಗಿ ಅಪ್ಪಿದೆ. ಬೆನ್ನು ನೆಟ್ಟಗಿಟ್ಟು ಎದ್ದೆ. ಕಲ್ಲು ತೊಡೆಗೆ ಬಂತು. ಅಲ್ಲಿ ಕೂರಿಸಿಕೊಂಡು ಒಂದು ಉಸಿರು ಎಳೆದುಕೊಂಡೆ. ಮತ್ತೆ ಎದ್ದೆ, ಎದೆಗೆ ಬಂತು, ಹೊಟ್ಟೆಯಿಂದ ಒಂದು ನೂಕು ಕೊಟ್ಟು ಹೆಗಲಿಗೇರಿಸಿದೆ. ಸಂತೋಷ ಎಷ್ಟಾಯಿತೆಂದರೆ ಕಣ್ಣಿಗೆ ಏನೂ ಕಾಣಲಿಲ್ಲ.

“ಸಾಕು, ಇಳಿಸು” ಎಂದರು ಊರಗೌಡರು.

ಆಗ ಜನ ಸರಿದು ದಾರಿ ಬಿಟ್ಟರು. ಅಪ್ಪ ಬಂದ. ಗುಡ್ಡ ಹತ್ತಿರಲಿಲ್ಲ, ಜನರ ಹಿಂದೆ ಎಲ್ಲೋ ನಿಂತಿದ್ದನಂತೆ. ನನ್ನ ಎದುರು ನಿಂತು, ಯಾರನ್ನೂ ಕೇಳದೆ, ಕೈಯೆತ್ತಿ ನನ್ನ ಹೆಗಲ ಮೇಲಿದ್ದ ಕಲ್ಲಿನ ಮೇಲೆ ಅಂಗೈ ಇಟ್ಟ.

ಊರಗೌಡರು ತಡೆಯಲು ಒಂದು ಹೆಜ್ಜೆ ಮುಂದಿಟ್ಟು, ಹಿಂದಕ್ಕೆ ಸರಿದರು. ಅಪ್ಪನ ಬೆರಳುಗಳು ಬೆಣ್ಣೆಯ ಮೇಲೆ ಮೆಲ್ಲಗೆ ಆಡಿದವು. ನನ್ನ ತೊಡೆ ನಡುಗಲು ಹತ್ತಿತ್ತು. ಆದರೆ ಅವನು ಕೈ ತೆಗೆಯುವವರೆಗೆ ನಾನು ಕಲ್ಲು ಇಳಿಸಲಿಲ್ಲ.