ಅಮ್ಮನ ಅಡಕತ್ತರಿಗೆ ಹಿಡಿಸಿದ ತುಕ್ಕು

ಠಾಣೆ ಊರಿನ ಕೋಪರಿಯಲ್ಲಿ ಅಣ್ಣನ ಮನೆಯಲ್ಲಿರುವ ಅಮ್ಮನ ಅಡಕತ್ತರಿಗೆ ಆ ಮಳೆಗಾಲದಲ್ಲಿ ತುಕ್ಕು ಹಿಡಿದಿತ್ತು. ಕತ್ತರಿಸಿದ ಅಡಿಕೆಗೆಲ್ಲ ಕೆಂಪು ಹತ್ತುತ್ತದೆಂದು ಅವಳು ಗೊಣಗಿದಾಗ ನನ್ನ ಗಂಡ, “ನಾನು ಸರಿ ಮಾಡಿ ಕೊಡ್ತೇನೆ” ಎಂದು ಅದನ್ನು ಡೊಂಬಿವಲಿಯ ನಮ್ಮ ಮನೆಗೆ ತಂದರು. ವರ್ಕ್‌ಶಾಪಿನಿಂದ ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡುವುದೇ ಅವರ ಉದ್ಯೋಗ. ನನಗೆ ಆಗಲೇ ಅಳುಕಿತ್ತು.

ಮೊದಲು ವಿನೆಗರ್ ಬಾಟಲಿ ಖಾಲಿಯಾಯಿತು. ಆಮೇಲೆ ನನ್ನದೊಂದು ಪಾತ್ರೆ ಕಾಣೆಯಾಯಿತು. ಬಾತ್‌ರೂಮಿನ ಮೂಲೆಯಲ್ಲಿ ಮುಚ್ಚಳ ಹಾಕಿದ ಪ್ಲಾಸ್ಟಿಕ್ ಡಬ್ಬವೊಂದು ಬಂದು ಕೂತಿತು. ಹತ್ತಿರ ಹೋದರೆ, “ಮುಟ್ಟಬೇಡ, ಬೆರಳಿನ ಜಿಡ್ಡು ತಾಗಿದ್ರೆ ಕಲೆ ಬೀಳ್ತದೆ” ಎಂದು ಗದರಿದರು. ಮುರಿದುಹಾಕಿದ್ದಾರೆ, ಅದಕ್ಕೇ ತೋರಿಸುತ್ತಿಲ್ಲ ಎಂದುಕೊಂಡೆ.

ಅವರು ಹಾಲು ತರಲು ಕೆಳಗಿಳಿದಾಗ ಮುಚ್ಚಳ ತೆಗೆದೆ. ಒದ್ದೆ ಬಟ್ಟೆಯ ಮೇಲೆ ಅಡಕತ್ತರಿ ದಾರದಲ್ಲಿ ತೂಗುತ್ತಿತ್ತು. ಮೈತುಂಬ ಕಿತ್ತಳೆ ಬಣ್ಣದ ತುಕ್ಕು, ಮೊದಲಿಗಿಂತ ಹೆಚ್ಚು.

“ಸರಿ ಮಾಡ್ತೇನೆ ಅಂತ ತಂದು ಇನ್ನೂ ತುಕ್ಕು ಹಿಡಿಸಿದ್ದೀರಲ್ಲ?” ಎಂದು ಅವರು ಹಾಲು ತಂದೊಡನೆ ಬಾಗಿಲಲ್ಲೇ ಕೇಳಿದೆ.

“ಹಿಡಿಸ್ಲಿಕ್ಕೇ ಇಟ್ಟದ್ದು ಮಾರಾಯ್ತಿ. ಕುದಿಸಿದ್ರೆ ಅದೇ ಕಪ್ಪಾಗ್ತದೆ. ಕಪ್ಪು ಕೂತ ಮೇಲೆ ಕೆಂಪು ತುಕ್ಕು ಅಷ್ಟು ಸುಲಭಕ್ಕೆ ಹತ್ತುವುದಿಲ್ಲ.”

ತುಕ್ಕು ಹಿಡಿಸಿ ತುಕ್ಕು ತಡೆಯುತ್ತಾರಂತೆ! ನಾನು ನಂಬಲಿಲ್ಲ. ನನ್ನ ಕಣ್ಣೆದುರೇ ಅದನ್ನು ಆ ಕಾಣೆಯಾದ ಪಾತ್ರೆಯಲ್ಲಿ ಕುದಿಸಿದರು. ಕಿತ್ತಳೆ ಬಣ್ಣ ನಿಜಕ್ಕೂ ಕಪ್ಪಾಯಿತು. ಮೇಲಿನ ಪುಡಿಯನ್ನು ನಯವಾದ ಉಕ್ಕಿನ ನಾರಿನಿಂದ ಉಜ್ಜಿ ತೆಗೆದು, ಮತ್ತೆ ವಿನೆಗರ್ ದ್ರಾವಣ ಸವರಿ, ಮತ್ತೆ ಡಬ್ಬದಲ್ಲಿ ತೂಗುಹಾಕಿದರು. ಹೀಗೆ ಹಲವು ಸಲ. ಕೊನೆಗೆ ಎಣ್ಣೆ ಹಚ್ಚಿದಾಗ ಕಪ್ಪಿನೊಳಗೆ ನೀಲಿ ಹೊಳೆಯಿತು.

ಅಷ್ಟು ಚೆಂದವಾದದ್ದೇ ನನ್ನ ಅನುಮಾನ ಹೆಚ್ಚಿಸಿತು. ಅಮ್ಮನದರ ಹಿಡಿಯಲ್ಲಿ ಗೀರುಗಳಿದ್ದವು, ಇದರಲ್ಲಿ ಒಂದೂ ಇಲ್ಲ.

“ಹೊಸದು ತಂದಿದ್ದೀರಾ?”

“ಮೊದಲು ಉಜ್ಜುವ ಕಾಗದ ಹಾಕಿ ನಯ ಮಾಡ್ಬೇಕು. ಗೀರೆಲ್ಲ ಅದರಲ್ಲೇ ಹೋಯ್ತು.”

ಉತ್ತರ ತೀರಾ ಸಲೀಸಾಗಿ ಬಂತು. ಅದನ್ನು ಬ್ಯಾಗಿಗೆ ಹಾಕಿಕೊಂಡು ನಾನೊಬ್ಬಳೇ ಠಾಣೆಯ ಲೋಕಲ್ ರೈಲು ಹತ್ತಿದೆ.

ಅಮ್ಮ ತಿರುಗಿಸಿ ನೋಡಿದಳು, ಮೂಸಿದಳು. “ಇದು ಯಾರದ್ದು ಮಗಾ?”

“ನಿನ್ನದೇ ಅಮ್ಮಾ.”

ಅಡಿಕೆಯೊಂದನ್ನಿಟ್ಟು ಒತ್ತಿದಳು. “ನನ್ನದು ಅಲ್ಲಾಡ್ತಿತ್ತು. ಇದು ಬಿಗಿ ಉಂಟು.”

ಅಲ್ಲಿಂದಲೇ ಗಂಡನಿಗೆ ಫೋನ್ ಮಾಡಿದೆ. “ಕೀಲು ಸಡಿಲ ಇತ್ತು, ಎರಡು ಏಟು ಹಾಕಿದೆ. ಅದನ್ನೂ ಹೇಳ್ಬೇಕಿತ್ತಾ?” ಎಂದರು.

ಅಮ್ಮ ಪೂರ್ತಿ ಕೇಳಿಸಿಕೊಂಡಳು. ಅಡಕತ್ತರಿಯನ್ನು ಅಗಲವಾಗಿ ತೆರೆದು, ಕೀಲಿನ ಸಂದಿಯಲ್ಲಿ ಉಗುರಾಡಿಸಿದಳು. ಉಜ್ಜುವ ಕಾಗದ ಹೋಗದ ಆ ಜಾಗದಲ್ಲಿ ಅವಳಿಗೆ ಗೊತ್ತಿದ್ದ ಹಳೆಯ ಸಣ್ಣ ಗುಳಿಯೊಂದು ಹಾಗೆಯೇ ಇತ್ತು. “ಹೂಂ, ನನ್ನದೇ” ಎಂದು ಅಡಿಕೆ ಹೋಳೊಂದನ್ನು ಬಾಯಿಗೆ ಹಾಕಿಕೊಂಡಳು.

ಮನೆಗೆ ಬಂದೊಡನೆ ಗಂಡ ಕೇಳಿದರು, “ಏನಂದ್ರು?”

“ಒಳ್ಳೆದಾಗಿದೆ ಅಂದ್ಲು.”

ನನ್ನ ಮುಖವನ್ನೇ ದಿಟ್ಟಿಸಿ, ತಾವೇ ಅಮ್ಮನಿಗೆ ಫೋನ್ ಹಚ್ಚಿದರು. ಅವಳು ಅಳಿಯನನ್ನು ಬಾಯಿತುಂಬ ಹೊಗಳಿದಳು. ಫೋನಿಟ್ಟು ನನ್ನ ಕಡೆ ತಿರುಗಿದರು.

“ಹೀಗೆ ಹೇಳು ಅಂತ ನೀನೇ ಹೇಳಿಕೊಟ್ಟು ಬಂದದ್ದಲ್ವಾ?”