ಎಡಗಣ್ಣಿನ ಸಾಕ್ಷಿ

ಅಥವಾ ಕರವಸ್ತ್ರ ಕಟ್ಟಿದ್ದು ನನ್ನ ಕಣ್ಣಿಗೇ ಇರಬಹುದು, ಮೆಹರುನ್ನೀಸಾಳ ಕಣ್ಣಿಗಲ್ಲ. ಈ ಕಥೆಯನ್ನು ಎಷ್ಟು ಸಲ, ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ನನಗೆ ನೆನಪಿರುವುದು ಆ ದಿನವೋ ನಾನು ಹೇಳಿದ ಕಥೆಯೋ ತಿಳಿಯದಾಗಿದೆ. ಹಳಿಯಾಳದ ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು, ಇಬ್ಬರೂ ಎನ್‌ಸಿಸಿಯಲ್ಲಿದ್ದವರು. ಒಮ್ಮೆ ನಮ್ಮನ್ನು ಗುಂಡು ಹೊಡೆಯಲು ಕರೆದೊಯ್ದರು. ಮರಳಿನ ಚೀಲದ ಮೇಲೆ ರೈಫಲ್, ಅದರ ಹಿಂದೆ ಬೋರಲು ಮಲಗಿದ ನಾನು, ನನ್ನ ಎಡಕ್ಕೆ ಮೆಹರು. ಇಷ್ಟರ ಬಗ್ಗೆ ನಮ್ಮಿಬ್ಬರಲ್ಲಿ ತಕರಾರಿಲ್ಲ. ತಕರಾರು ಇರುವುದು ಕಣ್ಣಿನ ಬಗ್ಗೆ.

ನಮಗೆ ಕಲಿಸುತ್ತಿದ್ದ ಹವಾಲ್ದಾರರನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವರ ಶಾಸ್ತ್ರ ಚಿಕ್ಕದು: ಎಡಗಣ್ಣು ಮುಚ್ಚು, ಉಸಿರು ಹಿಡಿ, ಬಂದೂಕಿನ ಕುದುರೆ ಒತ್ತು. ಉಸಿರು ಹಿಡಿಯುವುದು ನನಗೆ ಬರುತ್ತಿತ್ತು. ಒಂದು ಕಣ್ಣನ್ನಷ್ಟೇ ಮುಚ್ಚುವ ವಿದ್ಯೆ ಮಾತ್ರ ಇಂದಿಗೂ ಒಲಿದಿಲ್ಲ. ಎಡಗಣ್ಣು ಮುಚ್ಚಹೋದರೆ ಬಲಗಣ್ಣು, ಅಕ್ಕ ಹೊರಟಳೆಂದು ಚಪ್ಪಲಿ ಹುಡುಕುವ ತಂಗಿಯ ಹಾಗೆ, ತಾನೂ ಹೊರಟುಬಿಡುತ್ತದೆ. ಬಾಯಿ ಒಂದು ಕಡೆಗೆ ವಾಲುತ್ತದೆ. ಕನ್ನಡದಲ್ಲಿ ಗುಂಡನ್ನೂ ಹೊಡೆಯುತ್ತೇವೆ, ಕಣ್ಣನ್ನೂ ಹೊಡೆಯುತ್ತೇವೆ. ಎರಡನ್ನೂ ಒಂದು ಕಣ್ಣು ಮುಚ್ಚಿಯೇ ಹೊಡೆಯಬೇಕೆಂಬುದು ಬಹುಶಃ ಕಾಕತಾಳೀಯವಲ್ಲ. ಎರಡೂ ಬಾರದ ನನ್ನಿಂದ ಯಾರಿಗೂ ಗಾಯವಾಗದೆ ನನ್ನ ಯೌವನ ಕಳೆಯಿತು.

ನನ್ನ ನೆನಪಿನಲ್ಲಿ ಎರಡೂ ಕಣ್ಣು ತೆರೆದು ಹೊಡೆದವಳು ಮೆಹರು. ಹೊಡೆದಿದ್ದೆಲ್ಲ ಗುರಿಹಲಗೆಯ ನಡುವಿನ ಕಪ್ಪಿಗೆ ಬಿತ್ತು. ಶಿಸ್ತು ತಪ್ಪಿತೆಂದು ಉಸ್ತಾದ್ ಬಂದು ಅವಳ ಎಡಗಣ್ಣಿಗೆ ಕರವಸ್ತ್ರ ಕಟ್ಟಿದರು. ಆಮೇಲಿನ ಗುಂಡು ಎತ್ತಲೋ ಹೋಯಿತು. ಮೆಹರುವಿನ ನೆನಪಿನಲ್ಲಿ ಅವಳು ಹೇಳಿದ್ದನ್ನು ಕೇಳುವ ಹುಡುಗಿ. ಎಡಗಣ್ಣು ಮುಚ್ಚಿಯೇ ಕಪ್ಪಿಗೆ ಹೊಡೆದಳು. ಕರವಸ್ತ್ರ ಅವಳದೇ, ಆದರೆ ಕಟ್ಟಿದ್ದು ನನಗೆ.

ಇದು ಇಬ್ಬರು ಹೆಂಗಸರು ಚಹಾದ ಜೊತೆ ಮೆಲ್ಲುವ ಜಗಳವಾಗಿ ಉಳಿದಿತ್ತು. ಅದಕ್ಕೆ ಹಠಾತ್ತನೆ ತೂಕ ಬಂದದ್ದು ಮೆಹರುವಿನ ಮಗಳು ಆಸ್ಮಾಳಿಂದ. ಆಸ್ಮಾ ಧಾರವಾಡದಲ್ಲಿ ಓದುತ್ತಾಳೆ, ಕನ್ನಡಕ ಹಾಕಿಕೊಂಡೇ ಏರ್ ರೈಫಲ್ ಹೊಡೆಯುತ್ತಾಳೆ. ಸ್ವಂತ ರೈಫಲ್ ಇಲ್ಲ. ಆ ಬೆಲೆಗೆ ದಾಂಡೇಲಿಯಲ್ಲಿ ಗ್ಯಾರೇಜು ಇಟ್ಟಿರುವ ಅವಳಪ್ಪ ಖಾದರಭಾಯಿ ಒಂದು ಹಳೇ ಜೀಪನ್ನೇ ಕೊಳ್ಳಬಹುದು. ಕಾಲೇಜಿನ ತಂಡಕ್ಕೆ ಆಯ್ಕೆಯಾದರೆ ಕಾಲೇಜಿನ ರೈಫಲ್ ವರ್ಷವಿಡೀ ಅವಳ ಅಭ್ಯಾಸಕ್ಕೆ. ಆಗದಿದ್ದರೆ ಅದು ಬೇರೊಬ್ಬರ ಕೈಗೆ, ಆಸ್ಮಾಳಿಗೆ ಮುಟ್ಟಲೂ ಸಿಗದು. ಆಯ್ಕೆ ಆ ಭಾನುವಾರವೇ ಇತ್ತು. ಇಂಥ ಹೊತ್ತಿನಲ್ಲಿ ಅವಳ ಗುಂಡುಗಳು ಎಡಕ್ಕೆ ವಾಲತೊಡಗಿದ್ದವು.

ಕೋಚು ಪರೀಕ್ಷಿಸಿ, ಬಲಗೈಯವಳಾದರೂ ಅವಳ ಎಡಗಣ್ಣೇ ಜೋರಿನದೆಂದು ಹೇಳಿದ್ದರಂತೆ. ಆದರೂ ಎರಡೂ ಕಣ್ಣು ತೆರೆದೇ ಹೊಡೆ, ಮುಚ್ಚಿದರೆ ಮುಖದ ನರವೆಲ್ಲ ಬಿಗಿಯುತ್ತದೆ, ರೂಢಿಯಾದ ಮೇಲೆ ಸರಿಹೋಗುತ್ತದೆ ಎಂಬುದು ಅವರ ಮತ. ಸರಿಹೋಗುವ ಹೊತ್ತಿಗೆ ಭಾನುವಾರ ದಾಟಿರುತ್ತದೆ, ಸುಮ್ಮನೆ ಮುಚ್ಚಿಬಿಡು ಎಂಬುದು ತಾಯಿಯ ಮತ. ತಾಯಿಯ ಬಳಿ ಪುರಾವೆಯಿತ್ತು: ತಾನೇ ಹಾಗೆ ಹೊಡೆದದ್ದು. ಆಸ್ಮಾ ಆ ಪುರಾವೆಯನ್ನು ತಾಳೆ ನೋಡಲು ಸಾಕ್ಷಿದಾರಳಾದ ನನ್ನನ್ನು ಹಳಿಯಾಳದಿಂದ ದಾಂಡೇಲಿಗೆ ಕರೆಸಿದಳು.

"ಖಾಲಾ, ಖರೇ ಹೇಳ್ರಿ. ಅಮ್ಮಿ ಕಣ್ಣು ಮುಚ್ಚಿದ್ಲೋ ಇಲ್ಲೋ?"

"ತೆರೆದಿದ್ಲು," ಅಂದೆ. ನ್ಯಾಯಾಲಯದಲ್ಲಿ ನಿಂತವಳ ಗತ್ತು ನನ್ನ ದನಿಯಲ್ಲಿತ್ತೆಂದು ಈಗ ಅನಿಸುತ್ತದೆ.

ಮೆಹರು ಚಹಾದ ಬಶಿ ಕೆಳಗಿಟ್ಟಳು. "ಏನಲೇ ಸುಮಿ, ಮೂವತ್ತ ವರ್ಷದ ಹಿಂದಿನ ನನ್ನ ಕಣ್ಣು ನಿನಗ ನೆನಪೈತಿ. ಹೋದ ಈದಿಗೆ ಬಿರ್ಯಾನಿ ಹಾಕಿ ಕೊಟ್ಟ ಡಬ್ಬಿ ವಾಪಸ್ ಕೊಡೂದು ನೆನಪಿಲ್ಲ?"

"ಡಬ್ಬಿ ಕೊಟ್ಟೇನಿ."

"ಕೊಟ್ಟಿದ್ದು ಮುಚ್ಚಳ ಅಷ್ಟ!"

ಗ್ಯಾರೇಜಿನ ಬಾಗಿಲಲ್ಲಿ ಕೈ ಒರೆಸುತ್ತ ನಿಂತಿದ್ದ ಖಾದರಭಾಯಿ ನಡುವೆ ಬಾಯಿ ಹಾಕಿದರು. "ಇಬ್ರೂ ಹೆಡ್‌ಲೈಟ್ ಚೆಕ್ ಮಾಡಿಸ್ಕೋರಿ ಬಾಯಾರ. ಒಂದ ಲೈಟಿನ ಲಾರಿ ಬಂದ್ರ ಎದುರಿನವಾ ಮೋಟರ್ ಸೈಕಲ್ ಅಂತ ತಿಳೀತಾನ. ಎರಡ ಮೋಟರ್ ಸೈಕಲ್ ಜೋಡಿ ಬಂದ್ರ ಲಾರಿ ಅಂತ ತಿಳೀತಾನ. ಒಂದಾದ್ರೂ ಮೋಸ, ಎರಡಾದ್ರೂ ಮೋಸ."

"ನೀವ ಸುಮ್ನಿರ್ರಿ," ಎಂದು ತಾಯಿ ಮಗಳು ಒಟ್ಟಿಗೆ ಅಂದರು. ಆ ಮನೆಯಲ್ಲಿ ಅಂದು ಮೂಡಿದ ಒಮ್ಮತ ಅದೊಂದೇ.

ಆಸ್ಮಾ ನನಗೊಂದು ಪರೀಕ್ಷೆ ಕಲಿಸಿದಳು. ಕೈ ಚಾಚಿ ಹೆಬ್ಬೆರಳಿನಿಂದ ದೂರದ ಮಿಲ್ಲಿನ ಚಿಮಣಿಯನ್ನು ಮರೆಮಾಡಬೇಕು. ಆಮೇಲೆ ಒಂದೊಂದೇ ಕಣ್ಣು ಮುಚ್ಚಬೇಕು. ಯಾವ ಕಣ್ಣಿಗೆ ಚಿಮಣಿ ಮರೆಯಾಗಿಯೇ ಉಳಿಯುತ್ತದೋ ಅದು ಯಜಮಾನ ಕಣ್ಣು. ಇನ್ನೊಂದಕ್ಕೆ ಬೆರಳು ಪಕ್ಕಕ್ಕೆ ಜಿಗಿಯುತ್ತದೆ. ನಾನು ಒಂದೊಂದೇ ಕಣ್ಣಿಗೆ ಅಂಗೈ ಅಡ್ಡ ಹಿಡಿದು ನೋಡಿದೆ. ಬೆರಳು ಜಿಗಿಯಿತು. ಇಷ್ಟು ವರ್ಷ ನನ್ನ ಎರಡು ಕಣ್ಣುಗಳು ಎರಡು ಬೇರೆ ಬೇರೆ ಜಗತ್ತುಗಳನ್ನು ತಂದು ಮುಂದಿಡುತ್ತಿದ್ದವು, ಯಾರೋ ಒಳಗೆ ಕೂತು ನನ್ನನ್ನು ಕೇಳದೆ ಒಂದನ್ನು ಆರಿಸುತ್ತಿದ್ದರು. ಎರಡೂ ಕಣ್ಣು ತೆರೆದು ನೋಡು ಎಂದು ಮಕ್ಕಳಿಗೆ ಉಪದೇಶಿಸುತ್ತ ಬಂದ ಮಾಸ್ತರಿಕೆ ನನ್ನದು. ತೆರೆದುಕೊಂಡು ಕೂತರೂ ತೀರ್ಪು ಒಂದೇ ಕಣ್ಣಿನದು ಎಂದು ಯಾರೂ ಹೇಳಿರಲಿಲ್ಲ.

ಅಂದಿನಿಂದ ಎಲ್ಲರ ಕಣ್ಣಿನ ಮೇಲೂ ನನಗೆ ಗುಮಾನಿ. ದಾಂಡೇಲಿಗೆ ಹಕ್ಕಿಯ ಫೋಟೋ ತೆಗೆಯಲು ಬರುವವರು ಒಂದು ಕಣ್ಣನ್ನು ಕ್ಯಾಮೆರಾಕ್ಕೆ ಒತ್ತಿ, ಇನ್ನೊಂದನ್ನು ಹಿಂಡಿ, ಗಂಟೆಗಟ್ಟಲೆ ಮರದ ತುದಿಗೆ ಗುರಿಯಿಡುತ್ತಾರೆ. ಅವರ ಬೆನ್ನ ಹಿಂದಿನ ಟೊಂಗೆಯ ಮೇಲೆ ಅದೇ ಹಕ್ಕಿ ಬಂದು ಕೂತದ್ದನ್ನು ನಾನು ಕಂಡಿದ್ದೇನೆ. ಕಂಡಿದ್ದೇನೆ ಎಂದುಕೊಂಡಿದ್ದೇನೆ. ಬಡಗಿ ಹಲಗೆಯ ನೇರ ನೋಡುವಾಗ ಒಂದು ಕಣ್ಣು ಮುಚ್ಚುತ್ತಾನೆ, ಹಲಗೆಯ ದರ ಹೇಳುವಾಗ ಎರಡನ್ನೂ ಅರಳಿಸುತ್ತಾನೆ. ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರಿಗೆ ಚೀಲ ತೋರಿಸಿ "ಇದರ ಮ್ಯಾಲೆ ಒಂದ ಕಣ್ಣಿಟ್ಟಿರ್ರಿ" ಎನ್ನುತ್ತೇವೆ. ಯಾಕೆ ಒಂದೇ? ಕಾವಲಿಗೂ ಸಂಶಯಕ್ಕೂ ಒಂದು ಸಾಕು, ಇನ್ನೊಂದು ಸ್ವಂತ ಕೆಲಸಕ್ಕಿರಲಿ ಎಂಬ ಔದಾರ್ಯವೋ? ಅಥವಾ ಎರಡೂ ಕಣ್ಣಿಟ್ಟರೆ ಚೀಲವೇ ಎರಡಾಗಿ ಕಂಡೀತೆಂಬ ಭಯವೋ?

ಭಯ ಸುಳ್ಳಲ್ಲ. ಸ್ವತಃ ಪ್ರಯೋಗ ಮಾಡದೆ ಸಾಕ್ಷಿ ನುಡಿಯಬಾರದೆಂದು ನಾನು ಮರುದಿನ ಗಣೇಶಗುಡಿಗೆ ಹೋದೆ. ಅಲ್ಲಿಯ ಒಂದು ಹೋಮ್‌ಸ್ಟೇಯ ಅಂಗಳದಲ್ಲಿ ಪ್ರವಾಸಿಗರಿಗಾಗಿ ಬಲೂನು ಕಟ್ಟಿದ ಹಲಗೆ, ಎರಡು ಏರ್ ಗನ್ ಇಟ್ಟಿದ್ದಾರೆ. ಬಂದೂಕು ಹೆಗಲಿಗೇರಿಸಿ ಎರಡೂ ಕಣ್ಣು ತೆರೆದು ಬಲೂನು ನೋಡಿದೆ: ನಳಿಗೆ ಎರಡಾಯಿತು. ನಳಿಗೆಯ ತುದಿ ನೋಡಿದೆ: ಬಲೂನು ಎರಡಾಯಿತು.

"ಯಾವುದಕ್ಕ ಹೊಡೀಲಿ?" ಎಂದು ಗನ್ ನೋಡಿಕೊಳ್ಳುವವನನ್ನು ಕೇಳಿದೆ.

"ಕೆಂಪಂದಕ್ಕ ಹೊಡೀರಿ ಬಾಯಾರ."

"ಎರಡೂ ಕೆಂಪ ಅದಾವಲ್ಲ."

ಅವನು ಬಲೂನನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಪಕ್ಕದಲ್ಲಿ ಗುರಿಯಿಡುತ್ತಿದ್ದ ಪುಣೆಯ ಪ್ರವಾಸಿಯನ್ನು ಎರಡು ಹೆಜ್ಜೆ ಹಿಂದೆ ಸರಿಸಿದ. ನಾನು ಉಸಿರು ಹಿಡಿದು ಒತ್ತಿದೆ. ಬಲೂನು ಢಬ್ಬೆಂದಿತು. ಚಪ್ಪಾಳೆಗಾಗಿ ತಿರುಗಿದೆ. "ನಿಮ್ದಲ್ರಿ, ಅದು ಅವ್ರದು," ಎಂದು ಅವನು ಪುಣೆಯವರತ್ತ ಗದ್ದ ಚಾಚಿದ. ಪುಣೆಯವರೋ ತಮ್ಮದಲ್ಲವೆಂದು ತಲೆಯಾಡಿಸಿದರು, ಅವರಿನ್ನೂ ಒತ್ತಿಯೇ ಇರಲಿಲ್ಲವಂತೆ. ಬಿಸಿಲಿಗೆ ತಾನಾಗಿ ಒಡೆದಿರಲೂಬಹುದು.

ಗಣೇಶಗುಡಿಯಿಂದ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಒಬ್ಬ ಹೆಂಗಸು ಕೂತಿದ್ದಳು, ನನ್ನ ಎಡಕ್ಕೆ. ಟಿಕೆಟ್ಟಿನ ಚಿಲ್ಲರೆ ಇಸಿದುಕೊಳ್ಳುವಾಗ ಅವಳತ್ತ ನೋಡಿದೆ. ಅವಳು ಮುಂದಕ್ಕೆ ನೋಡುತ್ತಿದ್ದಳು. ನನಗೆ ಕಂಡದ್ದು ಅವಳ ಬಲಗೆನ್ನೆ, ಬಲಗಣ್ಣು, ಮೂಗಿನ ಬೊಟ್ಟು. ಎಡಗಣ್ಣು ಮೂಗಿನಾಚೆ ಇತ್ತು. ಅದು ತೆರೆದಿದೆಯೋ ಮುಚ್ಚಿದೆಯೋ ನೋಡಬೇಕೆಂದರೆ ನಾನು ಅವಳ ಮಡಿಲ ಮೇಲೆ ಬಗ್ಗಬೇಕಾಗಿತ್ತು. ಚಿಲ್ಲರೆ ಕೈಯಿಂದ ಉರುಳಿತು.

ಮೆಹರು ನನ್ನ ಎಡಕ್ಕೇ ಮಲಗಿದ್ದಳು. ಅದರಲ್ಲಿ ತಕರಾರಿಲ್ಲ ಎಂದೆನಲ್ಲ. ಹಾಗಾದರೆ ಅವಳ ಎಡಗಣ್ಣು ನನಗೆ ಕಂಡಿರಲು ಸಾಧ್ಯವೇ ಇಲ್ಲ. ಇಷ್ಟು ವರ್ಷ ಅಗಲವಾಗಿ ತೆರೆದು, ರೆಪ್ಪೆ ಸಮೇತ, ನನ್ನ ಮನಸ್ಸಿನಲ್ಲಿ ಹೊಳೆಯುತ್ತಿದ್ದ ಆ ಕಣ್ಣನ್ನು ಯಾರು ಬರೆದರು? ಮೆಹರುವಿಗೆ ಮಾತ್ರ ನನ್ನ ಎಡಗಣ್ಣು ಕಂಡಿರಬಹುದು, ಅದು ಅವಳ ಕಡೆಗಿತ್ತು. ಅವಳ ಸಾಕ್ಷಿ ನನ್ನದಕ್ಕಿಂತ ಗಟ್ಟಿ. ಆದರೆ ಗುರಿ ಬಿಟ್ಟು ಅವಳು ನನ್ನನ್ನೇಕೆ ನೋಡುತ್ತಿದ್ದಳು? ನೋಡುತ್ತಿದ್ದರೆ ಕಪ್ಪಿಗೆ ಹೊಡೆದದ್ದು ಹೇಗೆ? ಕಪ್ಪಿಗೆ ಹೊಡೆದದ್ದಾದರೂ ನಿಜವೇ?

ಇಳಿದ ಕೂಡಲೆ ಆಸ್ಮಾಳಿಗೆ ಫೋನು ಮಾಡಿದೆ. ಅವಳು ಅದಾಗಲೇ ಧಾರವಾಡಕ್ಕೆ ಹೋಗಿದ್ದಳು.

"ನನ್ನ ಮಾತ ನಂಬಬ್ಯಾಡವಾ," ಅಂದೆ. "ನಾ ನಿಮ್ಮಮ್ಮನ ಎಡಗಣ್ಣ ನೋಡೇ ಇಲ್ಲ."

"ಅಂದ್ರ ಅಮ್ಮಿ ಹೇಳಿದ್ದು ಖರೆ?"

"ಅದನ್ನೂ ಹೇಳಾಕ ಬರೂದಿಲ್ಲ."

ಅವಳ ದನಿ ಸಣ್ಣದಾಗಿತ್ತು. "ಖಾಲಾ, ನಾಳೆ ಮುಂಜಾನೆ ಟ್ರಯಲ್ ಐತಿ. ಕೋಚ್ ಒಂದ ಹೇಳ್ತಾರ, ಅಮ್ಮಿ ಒಂದ ಹೇಳ್ತಾಳ. ನೀವೊಬ್ರು ನೋಡೀರಿ ಅಂತ ಧೈರ್ಯ ಇತ್ತು."

ಸುಳ್ಳಾದರೂ ಒಂದು ಕಣ್ಣು ಆರಿಸಿ ಕೊಡಬೇಕಿತ್ತೇನೋ. ಗಟ್ಟಿ ಸುಳ್ಳಿನ ಮೇಲೆ ರೈಫಲ್ ಊರಿಕೊಂಡವರ ಕೈ ನಡುಗುವುದಿಲ್ಲವೆಂದು ಕೇಳಿದ್ದೇನೆ. ನನ್ನಿಂದಾಗಲಿಲ್ಲ. "ನಿನ್ನ ಕಣ್ಣ ಹೆಂಗ ಹೇಳ್ತಾವ ಹಂಗ ಮಾಡು" ಅಂದೆ. ಹಿರಿಯರು ಏನೂ ತೋಚದಾಗ ಆಡುವ ಮಾತು.

ಭಾನುವಾರ ಮೆಹರುವಿನ ಮನೆಯಲ್ಲಿ ಕಾದೆವು. ಡಬ್ಬಿ ಒಯ್ದಿದ್ದೆ, ಅವಳು ಅದರತ್ತ ನೋಡಲೂ ಇಲ್ಲ. ಮಧ್ಯಾಹ್ನ ಫೋನು ಬಂತು. ಖಾದರಭಾಯಿ ಕೈಯ ಗ್ರೀಸು ಲೆಕ್ಕಿಸದೆ ಸ್ಪೀಕರ್ ಒತ್ತಿದರು. ಆಸ್ಮಾ ಆಯ್ಕೆಯಾಗಿದ್ದಳು, ಆರಿಸಿದವರಲ್ಲಿ ಕೊನೆಯವಳು, ಆದರೂ ಒಳಗೆ. ಮೆಹರು ಅಲ್ಲಾಹುವಿಗೆ ಶುಕರು ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಮೊದಲು ಕೇಳಿದ್ದು ಅದನ್ನೇ.

"ಕಣ್ಣ ಮುಚ್ಚಿದ್ದೆಲ್ಲ?"

"ಇಲ್ಲಮ್ಮಿ. ತೆರದೂ ಇರಲಿಲ್ಲ." ಅವಳು ಕನ್ನಡಕದ ಎಡಗಾಜಿಗೆ ಔಷಧ ಅಂಗಡಿಯ ಬಿಳೀ ಟೇಪು ಅಂಟಿಸಿಕೊಂಡು ಹೋಗಿದ್ದಳು. ಎಡಗಣ್ಣು ತೆರೆದೇ ಇರುತ್ತದೆ, ಬೆಳಕು ಬರುತ್ತದೆ, ಅದಕ್ಕೆ ಗುರಿ ಕಾಣುವುದಿಲ್ಲ. ಕೋಚಿನ ಮಾತೂ ನಡೆಯಿತು, ತಾಯಿಯ ಮಾತೂ ನಡೆಯಿತು. ಇಷ್ಟಕ್ಕೆ ನಾನು ಸಮಾಧಾನದಿಂದ ಎದ್ದು ಬರಬಹುದಿತ್ತು. ಆದರೆ ಅವಳು ನಗುತ್ತ ಇನ್ನೊಂದು ಮಾತು ಸೇರಿಸಿದಳು. "ಮುಗಿಸಿ ಹೊರಗ ಬಂದು ನೋಡ್ತೀನಿ, ಟೇಪ ಗಾಜಿನ ಮ್ಯಾಲೆ ಇಲ್ಲ. ತೋಳಿಗೆ ಅಂಟಿತ್ತು. ಯಾವಾಗ ಬಿತ್ತೋ!"

"ಬಿದ್ದ ಮ್ಯಾಲೆ ಹೆಂಗ ಹೊಡದಿ?" ನಾನು ಕೇಳಿದೆ. "ಮುಚ್ಚಿದಿ, ತೆರದಿ?"

"ನೆನಪಿಲ್ಲ ಖಾಲಾ."

ಶೂಟಿಂಗ್ ರೇಂಜಿನಿಂದ ಆಗಷ್ಟೇ ಹೊರಬಂದವಳ ಉತ್ತರ ಅದು. ಮೆಹರು ಫೋನು ಇಟ್ಟವಳೇ ನನ್ನತ್ತ ತಿರುಗಿ, "ನಾ ಹೇಳಲಿಲ್ಲೇನು, ಮುಚ್ಚೇ ಹೊಡದಾಳ," ಅಂದಳು. ಧಾರವಾಡದಲ್ಲಿ ಕೋಚು ಇದೇ ಹೊತ್ತಿಗೆ ಯಾರಿಗೋ, ತೆರೆದೇ ಹೊಡೆದಳೆಂದು ಹೇಳುತ್ತಿದ್ದಿರಬಹುದು. ರೈಫಲ್ ಈಗ ಆಸ್ಮಾಳ ಕೈಯಲ್ಲಿದೆ. ಅದನ್ನು ಗೆದ್ದುಕೊಟ್ಟದ್ದು ಅವಳ ಬಲಗಣ್ಣೋ, ಎರಡೂ ಕಣ್ಣೋ, ನನಗೆ ಗೊತ್ತಿಲ್ಲ.